ಕೈಯಲ್ಲಿದ್ದ ಎಲೆಯನ್ನು ಬಿಡುವುದು: ‘ಡಿಸ್ಕಾರ್ಡ್’ ಎಂಬ ಪದದ ಸುತ್ತ

ಇಂಗ್ಲಿಷ್ ಪದಬಳಕೆಯ ಕುರಿತು ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಇಂಗ್ಲಿಷ್ ಪದವನ್ನು ಹಿಡಿದುಕೊಂಡು ಬಂದಿದ್ದೇನೆ: ಡಿಸ್ಕಾರ್ಡ್. ನಿಘಂಟು ತೆರೆದರೆ ‘ಎಸೆ, ಬಿಸಾಡು, ತ್ಯಜಿಸು’ ಎಂಬ ಅರ್ಥ ಸಿಗುತ್ತದೆ. ಅರ್ಥ ಸರಿಯೇ. ಆದರೆ ಅಷ್ಟನ್ನೇ ನಂಬಿ ವಾಕ್ಯ ಕಟ್ಟಲು ಕೂತರೆ ತೊಡಕು ಶುರುವಾಗುತ್ತದೆ. ಎಸೆಯುವುದಕ್ಕೆ ಇಂಗ್ಲಿಷಿನಲ್ಲಿ ಥ್ರೋ ಅವೇ ಇದೆ, ಡಿಸ್ಪೋಸ್ ಆಫ್ ಇದೆ, ಡಂಪ್ ಇದೆ, ಜೆಟಿಸನ್ ಇದೆ, ಸ್ಕ್ರ್ಯಾಪ್, ಡಿಚ್, ಶೆಡ್, ಅಬ್ಯಾಂಡನ್ ಇವೆ. ಇಷ್ಟೊಂದು ಮಾತುಗಳ ನಡುವೆ ಡಿಸ್ಕಾರ್ಡ್‌ಗೆ ತನ್ನದೇ ಜಾಗ ಉಳಿದಿದ್ದರೆ ಅದಕ್ಕೆ ಕಾರಣ ಇರಲೇಬೇಕು.

ನನಗೆ ಕಾಣುವ ಕಾರಣ ಇದು. ಡಿಸ್ಕಾರ್ಡ್ ಎನ್ನಬೇಕಾದರೆ ವಸ್ತು ಮೊದಲು ನಮ್ಮ ಕೈಯಲ್ಲಿರಬೇಕು. ಅದನ್ನು ಉಳಿದವುಗಳ ಜೊತೆ ಇಟ್ಟು ತೂಗಿ ನೋಡಿರಬೇಕು. ಆಮೇಲೆ, ಉಳಿದದ್ದು ಸಾಕು, ಇದು ಬೇಡ ಎಂದು ಬಿಟ್ಟಿರಬೇಕು. ಹಾಗಾಗಿ ಈ ಪದ ಬಂದ ಕಡೆಯಲ್ಲೆಲ್ಲ ಬಿಟ್ಟಿದ್ದರ ಜೊತೆಗೇ ಉಳಿಸಿಕೊಂಡದ್ದೂ ಇರುತ್ತದೆ. ಅದನ್ನು ಯಾರೂ ಹೆಸರಿಸದಿದ್ದರೂ ಇರುತ್ತದೆ.

ಈ ಅರ್ಥ ಎಲ್ಲಿಂದ ಬಂತು ಎಂಬುದು ಪದದ ಮೈಮೇಲೇ ಬರೆದಿದೆ. ಡಿಸ್ ಎಂದರೆ ದೂರಕ್ಕೆ, ಆಚೆಗೆ. ಕಾರ್ಡ್ ಎಂದರೆ ಇಸ್ಪೀಟಿನ ಕಾರ್ಡೇ. ಇಂಗ್ಲಿಷಿನಲ್ಲಿ ಈ ಪದ ಕಾಣಿಸಿಕೊಂಡದ್ದು ಹದಿನಾರನೆಯ ಶತಮಾನದ ಕೊನೆಯ ದಶಕಗಳಲ್ಲಿ, ಕೈಯಲ್ಲಿರುವ ಬೇಡದ ಕಾರ್ಡನ್ನು ಬಿಡುವುದು ಎಂಬ ಅರ್ಥದಲ್ಲಿ. ಯುರೋಪಿನ ಅಕ್ಕಪಕ್ಕದ ಭಾಷೆಗಳಲ್ಲೂ ಇದೇ ಕಟ್ಟಿನ ಪದಗಳಿವೆ: ಸ್ಪ್ಯಾನಿಷಿನ ಡೆಸ್ಕಾರ್ತಾರ್, ಇಟಾಲಿಯನ್ನಿನ ಸ್ಕಾರ್ತಾರೆ, ಫ್ರೆಂಚಿನ ಎಕಾರ್ತೆ. ಫ್ರಾನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಮುಗಿಬಿದ್ದು ಆಡುತ್ತಿದ್ದ ಒಂದು ಆಟದ ಹೆಸರೇ ಎಕಾರ್ತೆ, ಅಂದರೆ ‘ಬಿಟ್ಟದ್ದು’. ಇಲ್ಲೊಂದು ಸಣ್ಣ ಸಂತೋಷವಿದೆ. ಕಾರ್ಡ್ ಎಂಬ ಪದದ ಬೇರು ಲ್ಯಾಟಿನ್ನಿನ ಮೂಲಕ ಗ್ರೀಕಿನ ಖಾರ್ತೆಸ್‌ವರೆಗೆ ಹೋಗುತ್ತದೆ. ಅದು ಪಪೈರಸ್ ಗಿಡದಿಂದ ಮಾಡಿದ ಬರೆಯುವ ಹಾಳೆ. ಕನ್ನಡದಲ್ಲಿ ನಾವು ಇಸ್ಪೀಟಿನ ಕಾರ್ಡಿಗೆ ಎಲೆ ಎನ್ನುತ್ತೇವೆ. ಎರಡೂ ಭಾಷೆಗಳ ಆಟಗಾರರ ಕೈಗೆ ಗಿಡದಿಂದಲೇ ಹೆಸರು ಬಂದಿದೆ.

ಆಟದ ಒಳಗೆ ಸ್ವಲ್ಪ ನಿಲ್ಲೋಣ, ಏಕೆಂದರೆ ಪದದ ಸ್ವಭಾವವೆಲ್ಲ ಅಲ್ಲಿದೆ. ಪಿಕೆ ಎಂಬ ಹಳೆಯ ಆಟವನ್ನು 32 ಎಲೆಗಳಲ್ಲಿ ಇಬ್ಬರು ಆಡುತ್ತಾರೆ. ಒಬ್ಬೊಬ್ಬರಿಗೆ 12 ಎಲೆ, ನಡುವೆ ಉಳಿಯುವುದು 8. ಮೊದಲು ಆಡುವವನು ತನ್ನ ಕೈಯಿಂದ ಐದು ಎಲೆಗಳವರೆಗೆ ಬಿಟ್ಟು, ಅಷ್ಟೇ ಸಂಖ್ಯೆಯನ್ನು ನಡುವಿನ ರಾಶಿಯಿಂದ ಎತ್ತಿಕೊಳ್ಳಬಹುದು. ಒಂದನ್ನಾದರೂ ಬಿಡಲೇಬೇಕು. ಆಟದ ಅರ್ಧ ಜಾಣ್ಮೆ ಈ ಬಿಡುವಿಕೆಯಲ್ಲೇ ಮುಗಿದುಹೋಗುತ್ತದೆ. ರಮ್ಮಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದು ಎಲೆ ಎತ್ತಿದರೆ ಒಂದು ಎಲೆ ಬಿಡಬೇಕು, ಮತ್ತು ನೀವು ಬಿಟ್ಟ ಎಲೆಯನ್ನು ಪಕ್ಕದವರು ಕಣ್ಣಿಟ್ಟು ನೋಡುತ್ತಿರುತ್ತಾರೆ. ಬಿಟ್ಟ ಎಲೆ ಕೈಯಲ್ಲಿ ಉಳಿದ ಎಲೆಗಳ ಗುಟ್ಟು ಹೇಳುತ್ತದೆ.

ಬ್ರಿಜ್ ಆಟದಲ್ಲಿ ಈ ಪದಕ್ಕೆ ಇನ್ನೂ ಬಿಗಿಯಾದ ಅರ್ಥ. ಮೊದಲು ಬಿದ್ದ ಎಲೆಯ ಬಗೆ ನಿಮ್ಮ ಕೈಯಲ್ಲಿ ಇಲ್ಲ, ತುರುಪನ್ನೂ ಇಳಿಸುತ್ತಿಲ್ಲ, ಬೇರೆ ಯಾವುದೋ ಎಲೆಯನ್ನು ಹಾಕುತ್ತೀರಿ. ಹಾಗೆ ಹಾಕಿದ್ದು ಡಿಸ್ಕಾರ್ಡ್. ಆ ಎಲೆ ಗೆಲ್ಲಲಾರದು. ಆದರೂ ಯಾವ ಎಲೆ ಹಾಕಿದಿರಿ ಎಂಬುದರಿಂದಲೇ ಜೊತೆಗಾರನಿಗೆ ಸುದ್ದಿ ತಲುಪುತ್ತದೆ. ಈ ಆಟದಲ್ಲಿ ಸ್ಕ್ವೀಜ್ ಎಂಬ ಹಿಡಿತವೊಂದಿದೆ. ಎದುರಾಳಿ ಒಂದರ ಹಿಂದೊಂದು ಗೆಲ್ಲುವ ಎಲೆ ಇಳಿಸುತ್ತಾ ಹೋಗುತ್ತಾನೆ. ನಿಮ್ಮ ಕೈಯಲ್ಲಿ ಎರಡು ಬಗೆಗಳಲ್ಲಿ ಅವನು ಗೆಲ್ಲದಂತೆ ಕಾವಲಿಗೆ ಬೇಕಾದ ಎಲೆಗಳು ಮಾತ್ರ ಉಳಿದಿರುತ್ತವೆ. ಒಂದನ್ನು ಬಿಡಲೇಬೇಕು, ಯಾವುದನ್ನು ಬಿಟ್ಟರೂ ಆ ಕಡೆಯ ಬಾಗಿಲು ತೆರೆಯುತ್ತದೆ. ಡಿಸ್ಕಾರ್ಡ್ ಎಂದಾಕ್ಷಣ ನಿಷ್ಪ್ರಯೋಜಕ ವಸ್ತು ಎಂದು ತಿಳಿಯುವವರಿಗೆ ನಾನು ಈ ಸ್ಕ್ವೀಜನ್ನು ತೋರಿಸುತ್ತೇನೆ. ಬೆಲೆಯುಳ್ಳದ್ದನ್ನೂ ಡಿಸ್ಕಾರ್ಡ್ ಮಾಡಬೇಕಾಗಿ ಬರುತ್ತದೆ.

ಪದ ಇಸ್ಪೀಟಿನ ಮೇಜಿನಿಂದ ಇಳಿದು ಮನುಷ್ಯರ ಕಡೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಷೇಕ್ಸ್‌ಪಿಯರನ ಕಾಲಕ್ಕಾಗಲೇ ಜನರನ್ನು ಡಿಸ್ಕಾರ್ಡ್ ಮಾಡುವ ಮಾತು ಸಲೀಸಾಗಿತ್ತು. ‘ಕಿಂಗ್ ಲಿಯರ್’ ನಾಟಕದ ಬಿರುಗಾಳಿಯ ದೃಶ್ಯದಲ್ಲಿ, ಹೆಣ್ಣುಮಕ್ಕಳು ಬಾಗಿಲು ಮುಚ್ಚಿದ ಮೇಲೆ ಬಯಲಲ್ಲಿ ನಿಂತ ಮುದುಕ ದೊರೆ ತನ್ನಂಥ ತಂದೆಯರನ್ನು ಕರೆಯುವುದು ‘ಡಿಸ್ಕಾರ್ಡೆಡ್ ಫಾದರ್ಸ್’ ಎಂದು. ಬೇರೆ ಎಷ್ಟೋ ಪದಗಳಿದ್ದವು. ಈ ಪದದಲ್ಲಿ ಇರುವ ನೋವು ಅವುಗಳಲ್ಲಿ ಇಲ್ಲ. ಒಂದು ಕಾಲಕ್ಕೆ ನಾನು ಅವರ ಕೈಯಲ್ಲಿದ್ದೆ, ಎಣಿಕೆಗೆ ಸೇರಿದ್ದೆ, ಆಮೇಲೆ ಎಣಿಸಿ ನೋಡಿ ಬಿಟ್ಟರು ಎಂಬ ನೋವು ಅದು. ಇದೇ ದೊರೆ ನಾಟಕದ ಮೊದಲಲ್ಲಿ ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಇಟ್ಟುಕೊಂಡು, ನಿಜವಾಗಿ ಪ್ರೀತಿಸಿದ ಕಿರಿಯಳನ್ನು ಆಚೆಗೆ ತಳ್ಳಿದ್ದ. ಯಾವ ಎಲೆಯನ್ನು ಇಟ್ಟುಕೊಳ್ಳಬೇಕಿತ್ತೋ ಅದನ್ನೇ ಬಿಟ್ಟ ಕೈ ಅವನದು. ಮನುಷ್ಯರ ವಿಷಯದಲ್ಲಿ ಈ ಪದವನ್ನು ಇಂದಿಗೂ ಎಚ್ಚರದಿಂದ ಬಳಸಬೇಕು. ಕೆಲಸದಿಂದ ತೆಗೆದರು ಎಂದು ವರದಿ ಮಾಡುವಾಗ ಡಿಸ್ಕಾರ್ಡ್ ಎಂದರೆ ಅದು ಬರಿಯ ವರದಿಯಾಗಿ ಉಳಿಯುವುದಿಲ್ಲ. ಮನುಷ್ಯನನ್ನು ವಸ್ತುವಿನಂತೆ ಕಂಡರು ಎಂಬ ಆರೋಪವೂ ಅದರಲ್ಲಿ ಸೇರಿಬಿಡುತ್ತದೆ.

ಈಗ ನೆರೆಹೊರೆಯ ಪದಗಳಿಗೆ ಬರೋಣ. ರಿಜೆಕ್ಟ್ ಎಂದರೆ ಕೈಗೆ ತೆಗೆದುಕೊಳ್ಳದೆಯೇ ತಿರುಗಿಸಿ ಕಳಿಸುವುದು. ಒಂದು ಸಲಹೆಯನ್ನು ರಿಜೆಕ್ಟ್ ಮಾಡಿದರು ಎಂದರೆ ಒಪ್ಪಲೇ ಇಲ್ಲ. ಡಿಸ್ಕಾರ್ಡ್ ಮಾಡಿದರು ಎಂದರೆ ಒಂದಷ್ಟು ಕಾಲ ಇಟ್ಟುಕೊಂಡು, ಕೆಲಸಕ್ಕೆ ಬಾರದು ಎಂದು ಕಂಡ ಮೇಲೆ ಬಿಟ್ಟರು. ವಿಜ್ಞಾನಿಗಳು ಹಳೆಯ ಸಿದ್ಧಾಂತವನ್ನು ಡಿಸ್ಕಾರ್ಡ್ ಮಾಡುತ್ತಾರೆ, ಏಕೆಂದರೆ ಅದನ್ನೇ ನಂಬಿ ಕೆಲಸ ಮಾಡಿದ್ದರು. ಅಬ್ಯಾಂಡನ್ ಎಂದರೆ ವಸ್ತುವನ್ನು ಇದ್ದ ಜಾಗದಲ್ಲೇ ಬಿಟ್ಟು ನಾವು ಹೊರಟುಹೋಗುವುದು. ಶೆಡ್ ಎಂಬುದರಲ್ಲಿ ಆಯ್ಕೆಯೇ ಇಲ್ಲ. ಮರ ಎಲೆ ಉದುರಿಸುತ್ತದೆ, ಹಾವು ಪೊರೆ ಕಳಚುತ್ತದೆ. ಡಂಪ್‌ನಲ್ಲಿ ಗಮನವೇ ಇಲ್ಲ, ರಾಶಿಯಾಗಿ ಸುರಿದು ಹೋಗುವುದು.

ಥ್ರೋ ಅವೇ ಮನೆಮಾತು, ಡಿಸ್ಕಾರ್ಡ್ ಬರಹದ ಮಾತು. ಆದರೆ ವ್ಯತ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಒಳ್ಳೆಯ ಅವಕಾಶವನ್ನು ಹಾಳುಮಾಡಿಕೊಂಡವನ ಬಗ್ಗೆ ಇಂಗ್ಲಿಷಿನಲ್ಲಿ ಥ್ರೋ ಅವೇ ಎನ್ನುತ್ತಾರೆ, ಡಿಸ್ಕಾರ್ಡ್ ಎನ್ನುವುದಿಲ್ಲ. ದುಡುಕಿ ಕಳೆದುಕೊಂಡದ್ದಕ್ಕೆ ತೂಗಿ ನೋಡುವ ಪದ ಒಗ್ಗದು. ಥ್ರೋ ಬಳಸುವಾಗ ಇನ್ನೆರಡು ಕಡೆ ಎಚ್ಚರ ಬೇಕು. ಕಾಗದವನ್ನು ಕಸಕ್ಕೆ ಹಾಕು ಎನ್ನಲು ಬರಿಯ ಥ್ರೋ ಸಾಲದು, ಅವೇ ಸೇರಲೇಬೇಕು; ಇಲ್ಲದಿದ್ದರೆ ಕಾಗದವನ್ನು ಚೆಂಡಿನಂತೆ ಎಸೆ ಎಂದಾಗುತ್ತದೆ. ಹಾಗೆಯೇ ಥ್ರೋ ಟು ಎಂದರೆ ಅವರು ಹಿಡಿಯಲಿ ಎಂದು ಎಸೆಯುವುದು, ಥ್ರೋ ಆ್ಯಟ್ ಎಂದರೆ ಅವರಿಗೆ ತಾಗಲಿ ಎಂದು ಎಸೆಯುವುದು. ಅಂದಹಾಗೆ, ಥ್ರೋ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ತಿರುಚು, ತಿರುಗಿಸು ಎಂಬ ಅರ್ಥವಿತ್ತು. ಕುಂಬಾರರು ತಿಗರಿಯ ಮೇಲೆ ಮಡಕೆ ಮಾಡುವುದಕ್ಕೆ ಇಂದಿಗೂ ಥ್ರೋ ಎನ್ನುವುದು ಅದರ ಉಳಿಕೆ. ಎಸೆಯುವುದಕ್ಕೆ ಆಗ ಇದ್ದ ಪದ ಇಂದಿನ ವಾರ್ಪ್‌ನ ಪೂರ್ವರೂಪ. ಇಂದು ವಾರ್ಪ್ ಎಂದರೆ ಸೊಟ್ಟಗಾಗು. ಎರಡು ಪದಗಳು ತಮ್ಮ ಅರ್ಥಗಳನ್ನೇ ಅದಲುಬದಲು ಮಾಡಿಕೊಂಡಿವೆ!

ಡಿಸ್ಪೋಸ್ ಬಹಳ ಜನರನ್ನು ಕಾಡುವ ಪದ. ಇದರ ಲ್ಯಾಟಿನ್ ಬೇರಿಗೆ ಜೋಡಿಸಿಡು, ಎಲ್ಲೆಲ್ಲಿ ಏನಿರಬೇಕೋ ಅಲ್ಲಲ್ಲಿ ಇಡು ಎಂದರ್ಥ. ಡಿಸ್ಪೋಸ್ ಆಫ್ ಎಂದಾಗ ಒಂದು ವಿಷಯವನ್ನು ಇತ್ಯರ್ಥ ಮಾಡಿ ಮುಗಿಸುವುದು ಎಂಬ ಭಾವ ಬರುತ್ತದೆ. ಹಾಗಾಗಿ ಕಸಕ್ಕೂ ಅದೇ ಪದ, ಆಸ್ತಿಗೂ ಅದೇ, ನ್ಯಾಯಾಲಯದ ಅರ್ಜಿಗೂ ಅದೇ. ಕನ್ನಡದ ‘ವಿಲೇವಾರಿ’ ಥೇಟು ಹೀಗೇ ನಡೆಯುತ್ತದೆ: ತ್ಯಾಜ್ಯ ವಿಲೇವಾರಿ, ಕಡತ ವಿಲೇವಾರಿ, ಅರ್ಜಿ ವಿಲೇವಾರಿ. ಈ ಬೇರನ್ನು ಮರೆತರೆ ಡಿಸ್ಪೋಸಬಲ್ ಇನ್‌ಕಮ್ ಎಂಬುದನ್ನು ‘ಬಿಸಾಡಬಹುದಾದ ಆದಾಯ’ ಎಂದು ಓದಿಬಿಡುವ ಅಪಾಯವಿದೆ. ತೆರಿಗೆ ಕಳೆದ ಮೇಲೆ ನಮ್ಮಿಷ್ಟದಂತೆ ಹಂಚಿಕೊಳ್ಳಲು ಕೈಯಲ್ಲಿ ಉಳಿಯುವ ಆದಾಯ ಅದು. ಔಷಧದ ಸೂಚನೆಯಲ್ಲಿ ಎರಡು ಪದಗಳೂ ಅಕ್ಕಪಕ್ಕ ಬರಬಹುದು. ಎಷ್ಟೋ ಕಣ್ಣಿನ ಹನಿಗಳ ಸೀಸೆಯನ್ನು ತೆರೆದ 28 ದಿನಗಳಿಗೆ ಡಿಸ್ಕಾರ್ಡ್ ಮಾಡಿ ಎಂದು ಬರೆದಿರುತ್ತಾರೆ. ಅಂದರೆ ಇನ್ನು ಬಳಸಬೇಡಿ, ಒಳಗೆ ಉಳಿದಿದ್ದರೂ ಬಿಡಿ. ಅದನ್ನು ಹೇಗೆ, ಎಲ್ಲಿಗೆ ಸೇರಿಸಬೇಕು ಎಂಬ ಮಾತು ಬಂದಾಗ ಪದ ಡಿಸ್ಪೋಸ್‌ಗೆ ಬದಲಾಗುತ್ತದೆ.

ಇವೆಲ್ಲದರಲ್ಲಿ ಡಿಸ್ಕಾರ್ಡ್‌ಗೆ ಮನಸ್ಸಿನಿಂದ ಹತ್ತಿರವಾದದ್ದು ಜೆಟಿಸನ್ ಎಂದು ನನಗೆ ಅನಿಸುತ್ತದೆ. ಅದು ಕಡಲಿನ ಪದ. ಬಿರುಗಾಳಿಗೆ ಸಿಕ್ಕ ಹಡಗನ್ನು ಹಗುರ ಮಾಡಲು ಸರಕನ್ನು ನೀರಿಗೆ ತಳ್ಳುವುದು. ಈ ಬಿಸಾಡುವಿಕೆಗೆ ನ್ಯಾಯಶಾಸ್ತ್ರದಲ್ಲಿ ತುಂಬ ಹಳೆಯ ವಿಧಿಯೇ ಇದೆ. ರೋಡ್ಸ್ ದ್ವೀಪದ ಕಾನೂನು ಎಂಬ ಹೆಸರಿನಲ್ಲಿ, 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಹೊರಬಂದ ರೋಮನ್ ಕಾನೂನಿನ ಸಂಗ್ರಹದಲ್ಲಿ ಅದು ಸೇರಿದೆ: ಎಲ್ಲರಿಗಾಗಿ ಒಬ್ಬನ ಸರಕನ್ನು ಕಡಲಿಗೆ ಎಸೆದರೆ, ಆ ನಷ್ಟವನ್ನು ಎಲ್ಲರೂ ಸೇರಿ ತುಂಬಿಕೊಡಬೇಕು. ಇಂದಿಗೂ ಹಡಗಿನ ವ್ಯವಹಾರದಲ್ಲಿ ಈ ತತ್ವ ಯಾರ್ಕ್-ಆ್ಯಂಟ್‌ವರ್ಪ್ ನಿಯಮಗಳ ರೂಪದಲ್ಲಿ ಜೀವಂತವಾಗಿದೆ. ಆ ನಿಯಮಗಳನ್ನು ಕಳೆದ ಬಾರಿ ಪರಿಷ್ಕರಿಸಿದ್ದು 2016ರಲ್ಲಿ. ಎಸೆದ ವಸ್ತುವಿನ ಮಾಲೀಕನಿಗೆ ಉಳಿದ ವಸ್ತುಗಳ ಮಾಲೀಕರು ಋಣಿಗಳು ಎಂಬ ಈ ಯೋಚನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವಿಮಾನ ತುರ್ತಾಗಿ ಇಳಿಯುವ ಮೊದಲು ಭಾರ ಇಳಿಸಲು ಇಂಧನವನ್ನು ಗಾಳಿಗೆ ಬಿಡುವುದನ್ನೂ ಜೆಟಿಸನ್ ಎನ್ನುತ್ತಾರೆ. ಇಂಧನ ಕೆಟ್ಟಿತ್ತೆಂದು ಬಿಟ್ಟದ್ದಲ್ಲ, ಉಳಿದದ್ದು ಉಳಿಯಲಿ ಎಂದು ಬಿಟ್ಟದ್ದು. ಡಿಸ್ಕಾರ್ಡ್‌ನಲ್ಲಿ ಅಷ್ಟು ಆತುರವಿಲ್ಲ, ಪ್ರಾಣಭಯವಿಲ್ಲ. ಉಳಿಸಿಕೊಳ್ಳಲಿಕ್ಕಾಗಿ ಬಿಡುವ ಕ್ರಮ ಮಾತ್ರ ಒಂದೇ.

ವ್ಯಾಕರಣದ ಮಾತನ್ನು ಬೇಗ ಮುಗಿಸುತ್ತೇನೆ. ಡಿಸ್ಕಾರ್ಡ್ ಸಕರ್ಮಕ ಕ್ರಿಯಾಪದ, ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಡಿಸ್ಪೋಸ್‌ಗೆ ಆಫ್ ಬೇಕು, ಇದಕ್ಕೆ ಬೇಡ. ‘ಡಿಸ್ಕಾರ್ಡ್ ಅವೇ’, ‘ಡಿಸ್ಕಾರ್ಡ್ ಆಫ್’ ಎಂದು ಬರೆಯುವುದು ತಪ್ಪು, ಏಕೆಂದರೆ ಆಚೆಗೆ ಎಂಬ ಅರ್ಥ ಆಗಲೇ ಡಿಸ್‌ನೊಳಗಿದೆ. ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಕ್ರಿಯಾಪದವಾದಾಗ ಕಾರ್ಡ್ ಮೇಲೆ. ರೆಕಾರ್ಡ್, ಪರ್ಮಿಟ್ ಪದಗಳಲ್ಲೂ ಹೀಗೇ. ಕಸ ಎಂಬ ಅರ್ಥದ ರೆಫ್ಯೂಸ್ ಮತ್ತು ನಿರಾಕರಿಸು ಎಂಬ ಅರ್ಥದ ರಿಫ್ಯೂಜ್ ಒಂದೇ ಕಾಗುಣಿತದ ಪದಗಳು, ಒತ್ತು ಮತ್ತು ಉಚ್ಚಾರ ಮಾತ್ರ ಬೇರೆ. ಕನ್ನಡದಲ್ಲಿ ಒತ್ತು ಸರಿಸಿ ಅರ್ಥ ಬದಲಿಸುವ ರೂಢಿ ಇಲ್ಲವಾದ್ದರಿಂದ ನಾವು ಎಲ್ಲವನ್ನೂ ಸಮನಾಗಿ ಹೇಳಿಬಿಡುತ್ತೇವೆ.

ಕನ್ನಡ ಲಿಪಿಯಲ್ಲಿ ಇನ್ನೊಂದು ಗೊಂದಲವೂ ಇದೆ. ಭಿನ್ನಮತ, ಅಪಸ್ವರ ಎಂಬ ಅರ್ಥದ ಇನ್ನೊಂದು ಇಂಗ್ಲಿಷ್ ಪದವನ್ನೂ ನಾವು ಡಿಸ್ಕಾರ್ಡ್ ಎಂದೇ ಬರೆಯುತ್ತೇವೆ. 2015ರಲ್ಲಿ ಬಂದ, ಗೇಮ್ ಆಡುವವರು ಗುಂಪಾಗಿ ಮಾತನಾಡುವ ಆ್ಯಪ್‌ನ ಹೆಸರೂ ಆ ಪದವೇ. ಅದರೊಳಗೆ ಇರುವುದು ಇಸ್ಪೀಟಲ್ಲ, ಲ್ಯಾಟಿನ್ನಿನ ಕೊರ್, ಅಂದರೆ ಹೃದಯ. ಹೃದಯಗಳು ಬೇರೆಬೇರೆಯಾಗುವುದು ಎಂದು ಅದರ ಮೂಲಾರ್ಥ. ಗೊಂದಲ ತಪ್ಪಿಸಬೇಕೆನ್ನುವವರು ಅದನ್ನು ಡಿಸ್ಕೋರ್ಡ್ ಎಂದು ಬರೆಯಬಹುದು.

ಇಂದು ಹೆಚ್ಚಿನವರು ಈ ಪದವನ್ನು ಎದುರಿಸುವುದು ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೇಲೆ. ಅರ್ಧ ಬರೆದ ಮಿಂಚಂಚೆಯನ್ನು ಮುಚ್ಚಲು ಹೋದರೆ ಡಿಸ್ಕಾರ್ಡ್ ಮಾಡಲೇ ಎಂದು ಕೇಳುತ್ತದೆ. ಇಲ್ಲಿ ಡಿಲೀಟ್ ಎಂಬುದರಿಂದ ಅದನ್ನು ಬೇರೆ ಮಾಡಿ ನೋಡಬೇಕು. ಡಿಲೀಟ್ ಎಂದರೆ ಉಳಿಸಿಟ್ಟದ್ದನ್ನು ಅಳಿಸುವುದು. ಡಿಸ್ಕಾರ್ಡ್ ಚೇಂಜಸ್ ಎಂದರೆ ಇನ್ನೂ ಉಳಿಸದ ಬದಲಾವಣೆಗಳನ್ನು ಬಿಡುವುದು. ಕಡತ ಇದ್ದಂತೆಯೇ ಇರುತ್ತದೆ, ನೀವು ಈಗ ಸೇರಿಸಿದ್ದು ಮಾತ್ರ ಹೋಗುತ್ತದೆ. ಈ ಭೇದ ತಿಳಿಯದೆ ಎರಡು ಬಗೆಯ ನಷ್ಟಗಳಾಗುತ್ತವೆ. ಇಡೀ ಕಡತವೇ ಹೋದೀತೆಂದು ಹೆದರಿ ಬೇಡದ ತಿದ್ದುಪಡಿಯನ್ನು ಉಳಿಸುವವರಿದ್ದಾರೆ, ಏನೂ ಆಗದೆಂದು ಒತ್ತಿ ಇಡೀ ಮಧ್ಯಾಹ್ನದ ಬರವಣಿಗೆ ಕಳೆದುಕೊಳ್ಳುವವರೂ ಇದ್ದಾರೆ. ಕಂಪ್ಯೂಟರ್ ಜಾಲದ ಜಗತ್ತಿನಲ್ಲಿ ಡಿಸ್ಕಾರ್ಡ್ ಪ್ರೋಟೊಕಾಲ್, ಅಂದರೆ ಡಿಸ್ಕಾರ್ಡ್ ಮಾಡುವ ನಿಯಮಾವಳಿ, ಎಂಬುದೇ ಒಂದಿದೆ. 1983ರ ಮೇ ತಿಂಗಳಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಬರೆದ ಒಂದು ಪುಟ್ಟ ದಾಖಲೆ ಅದನ್ನು ವಿವರಿಸುತ್ತದೆ: ಕಂಪ್ಯೂಟರಿನ 9ನೆಯ ಪೋರ್ಟಿಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ, ಬಂದದ್ದನ್ನೆಲ್ಲ ಸ್ವೀಕರಿಸುವುದು, ಉತ್ತರ ಕೊಡದೆ ಬಿಟ್ಟುಬಿಡುವುದು. ಜಾಲದ ಸಂಪರ್ಕವನ್ನು ಪರೀಕ್ಷಿಸುವವರಿಗೆ ಇಂಥದ್ದು ನಿಜವಾಗಿ ಬೇಕಾಗುತ್ತದೆ. ಅದು ಬಂದದ್ದನ್ನು ಬಾಗಿಲಲ್ಲೇ ತಡೆಯುವುದಿಲ್ಲ. ಒಳಗೆ ತೆಗೆದುಕೊಂಡೇ ಬಿಡುತ್ತದೆ. ಹಾಗಾಗಿ ಇಲ್ಲೂ ಪದ ತನ್ನ ನಿಯಮ ಮುರಿದಿಲ್ಲ.

ವಿಜ್ಞಾನದಲ್ಲಿ ಈ ಪದ ನೈತಿಕ ಪ್ರಶ್ನೆಯಾಗುತ್ತದೆ. ಅಳತೆ ಮಾಡುವಾಗ ಒಂದು ಅಂಕಿ ಉಳಿದವುಗಳಿಂದ ತೀರ ದೂರ ಬಿದ್ದರೆ ಅದನ್ನು ಡಿಸ್ಕಾರ್ಡ್ ಮಾಡಬಹುದೇ? ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ 1852ರಲ್ಲೇ ಇದಕ್ಕೊಂದು ಗಣಿತದ ಅಳತೆಗೋಲು ಕೊಟ್ಟ. ಮನಸ್ಸಿಗೆ ಬಂದಂತೆ ಬಿಡಬಾರದು, ಬಿಡುವುದಕ್ಕೂ ಮೊದಲೇ ಹೇಳಿಕೊಂಡ ನಿಯಮವಿರಬೇಕು ಎಂಬ ಕಾಳಜಿ ಅದರ ಹಿಂದಿದೆ. ಈ ಕಾಳಜಿ ಯಾಕೆ ಬೇಕು ಎನ್ನುವುದಕ್ಕೆ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್‌ನ ಎಣ್ಣೆಹನಿ ಪ್ರಯೋಗವನ್ನು ನೋಡಬೇಕು. ವಿದ್ಯುತ್ತಿನ ನಡುವೆ ತೇಲುವ ಪುಟ್ಟ ಎಣ್ಣೆಹನಿಗಳನ್ನು ನೋಡಿ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಆತನಿಗೆ 1923ರಲ್ಲಿ ನೊಬೆಲ್ ಬಂತು. 1913ರ ಪ್ರಬಂಧದಲ್ಲಿ ಆತ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿದ ಹನಿಗಳಲ್ಲ, ಸತತ 60 ದಿನಗಳಲ್ಲಿ ನೋಡಿದ ಎಲ್ಲ ಹನಿಗಳೂ ಇವೇ ಎಂದು ಬರೆದಿದ್ದ. ಮುಂದೆ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ಆತನ ಟಿಪ್ಪಣಿ ಪುಸ್ತಕಗಳನ್ನು ತೆರೆದು ನೋಡಿದಾಗ ಇನ್ನೂ ಹಲವು ಹನಿಗಳ ಅಳತೆಗಳು ಸಿಕ್ಕವು. ಬಿಟ್ಟ ಹನಿಗಳನ್ನು ಸೇರಿಸಿ ಲೆಕ್ಕ ಹಾಕಿದರೂ ಮೌಲ್ಯ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಆಮೇಲಿನವರು ತೋರಿಸಿದ್ದಾರೆ. ಕೆಲವು ಹನಿಗಳನ್ನು ಬಿಡಲು ಪ್ರಯೋಗಶಾಲೆಯ ಸರಿಯಾದ ಕಾರಣಗಳೂ ಇದ್ದವು. ನನ್ನ ಮಟ್ಟಿಗೆ ತಪ್ಪು ಬಿಟ್ಟದ್ದರಲ್ಲಿ ಇಲ್ಲ, ಬಿಟ್ಟಿಲ್ಲ ಎಂದದ್ದರಲ್ಲಿದೆ. ಆಟದ ಮೇಜಿನ ಮೇಲೆ ಬಿಟ್ಟ ಎಲೆಗೊಂದು ರಾಶಿ ಇರುತ್ತದೆ. ಪ್ರಬಂಧದಲ್ಲೂ ಅಂಥದ್ದೊಂದು ಜಾಗ ಇರಲೇಬೇಕು.

ಮೀನುಗಾರಿಕೆಯಲ್ಲಿ ಇದೇ ಪದ ಬಹುವಚನದ ನಾಮಪದವಾಗಿದೆ: ಡಿಸ್ಕಾರ್ಡ್ಸ್. ಬಲೆಗೆ ಬಿದ್ದು, ಹಡಗಿನ ಮೇಲೆ ಬಂದು, ಅಲ್ಲಿ ಆರಿಸಿದ ಮೇಲೆ ಮರಳಿ ಕಡಲಿಗೆ ಹೋಗುವ ಮೀನು. ಬೇಡದ ಜಾತಿ ಎಂದೋ, ಗಾತ್ರ ಸಣ್ಣದೆಂದೋ, ಪರವಾನಗಿಯ ಮಿತಿ ಮುಗಿಯಿತೆಂದೋ ಎಸೆಯುತ್ತಾರೆ. ಬೈಕ್ಯಾಚ್ ಎಂಬ ಪದವನ್ನು ಇದರೊಡನೆ ಬೆರೆಸಬಾರದು. ಗುರಿಯಿಲ್ಲದೆ ಸಿಕ್ಕಿದ್ದೆಲ್ಲ ಬೈಕ್ಯಾಚ್, ಅದರಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಮಾರುವುದೂ ಉಂಟು. ಆರಿಸಿ ಎಸೆದದ್ದು ಮಾತ್ರ ಡಿಸ್ಕಾರ್ಡ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ 2010ರಿಂದ 2014ರವರೆಗಿನ ಅವಧಿಯಲ್ಲಿ ಜಗತ್ತಿನ ಕಡಲುಗಳಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಹೀಗೆ ಹೋಗುತ್ತಿತ್ತು. ಹಿಡಿದದ್ದರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ನಾರ್ವೆ 1987ರಲ್ಲೇ ಕಾಡ್ ಮತ್ತು ಹ್ಯಾಡಾಕ್ ಮೀನುಗಳನ್ನು ಹೀಗೆ ಎಸೆಯುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2015ರಿಂದ 2019ರವರೆಗೆ ಹಂತಹಂತವಾಗಿ, ಮಿತಿಗೆ ಒಳಪಟ್ಟ ಜಾತಿಗಳಲ್ಲಿ ಹಿಡಿದದ್ದನ್ನೆಲ್ಲ ದಡಕ್ಕೆ ತರಬೇಕೆಂಬ ಕಟ್ಟುಪಾಡು ಹಾಕಿತು. ದಡಕ್ಕೆ ತಂದರೆ ಲೆಕ್ಕಕ್ಕೆ ಸಿಗುತ್ತದೆ, ಲೆಕ್ಕಕ್ಕೆ ಸಿಕ್ಕರೆ ಬಲೆಯ ಕಣ್ಣಿನ ಗಾತ್ರವನ್ನಾದರೂ ಬದಲಿಸುತ್ತಾರೆ ಎಂಬುದು ಅದರ ಹಿಂದಿನ ತರ್ಕ.

ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ಹೇಳಿದಿರಲ್ಲ, ಕನ್ನಡದಲ್ಲಿ ಇದಕ್ಕೆ ಯಾವ ಪದ ಬಳಸೋಣ?

ಒಂದೇ ಪದ ಎಲ್ಲ ಕಡೆ ಹೊಂದುವುದಿಲ್ಲ. ನಮ್ಮಲ್ಲೂ ಎಸೆಯುವ ಮಾತುಗಳಿಗೆ ಬರವಿಲ್ಲ. ಹಳಗನ್ನಡದ ಬಿಸುಡು ಇಂದಿನ ಬಿಸಾಡು, ಬಿಸಾಕುಗಳಲ್ಲಿ ಉಸಿರಾಡುತ್ತಿದೆ. ನೀರು, ಕಾಳುಗಳಿಗೆ ಚೆಲ್ಲು ಇದೆ. ಉತ್ತರ ಕರ್ನಾಟಕದ ಆಡುಮಾತಿನ ಒಗಿ ಇದೆ. ಆದರೆ ಡಿಸ್ಕಾರ್ಡ್‌ನ ಒಳಗಿನ ಕೈಯನ್ನೂ ಆಯ್ಕೆಯನ್ನೂ ಒಟ್ಟಿಗೆ ಹಿಡಿಯುವುದು ‘ಕೈಬಿಡು’ ಎಂಬ ಮಾತು. ಯೋಜನೆ ಕೈಬಿಟ್ಟರು, ಪ್ರಸ್ತಾಪ ಕೈಬಿಟ್ಟರು, ಮಕ್ಕಳು ತಂದೆಯ ಕೈಬಿಟ್ಟರು. ಮೂರರಲ್ಲೂ ಮೊದಲು ಹಿಡಿದಿದ್ದರು ಎಂಬುದು ತಾನಾಗಿ ಬರುತ್ತದೆ. ಪರದೆಯ ಮೇಲಿನ ಆಜ್ಞೆಗೆ ‘ತ್ಯಜಿಸಿ’ ಎಂದು ಹಾಕುವುದನ್ನು ನೋಡಿದ್ದೇನೆ. ಅದು ಆ ಜಾಗಕ್ಕೆ ಭಾರವಾಯಿತು. ತ್ಯಾಗದ ನೆರಳು ಬೀಳುವ ಪದವದು. ‘ಬದಲಾವಣೆಗಳನ್ನು ಕೈಬಿಡಿ’ ಎಂದರೆ ಯಾರಿಗೂ ಗೊಂದಲವಾಗದು, ಕಡತ ಉಳಿಯುತ್ತದೆ ಎಂಬುದೂ ತಿಳಿಯುತ್ತದೆ. ಔಷಧದ ಸೀಸೆಯ ಮೇಲೆ ಕೈಬಿಡಿ ನಡೆಯದು, ಅಲ್ಲಿ ‘ತೆರೆದ 28 ದಿನಗಳ ನಂತರ ಬಳಸದೆ ಬಿಸಾಡಿ’ ಎಂದು ಬಿಡಿಸಿ ಬರೆಯುವುದೇ ಲೇಸು. ಸಂಶೋಧನಾ ಬರಹದಲ್ಲಿ ‘ಲೆಕ್ಕದಿಂದ ಕೈಬಿಟ್ಟ ಅಳತೆಗಳು’ ಎನ್ನಬಹುದು.

ಮೀನಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಅಲ್ಲಿ ‘ಕಡಲಿಗೆ ಮರಳಿ ಬಿಟ್ಟ ಮೀನು’ ಎಂದು ಬರೆಯಬೇಡಿ. ಬಿಟ್ಟ ಎಂದರೆ ಓದುವವರು ಬದುಕಿ ಈಜಿ ಹೋಯಿತು ಎಂದುಕೊಳ್ಳುತ್ತಾರೆ. ಹಡಗಿನ ಮೇಲೆ ಆರಿಸುವ ಹೊತ್ತಿಗೆ ಅವುಗಳಲ್ಲಿ ಅನೇಕವು ಸತ್ತೇ ಇರುತ್ತವೆ. ‘ಆರಿಸಿ ಎಸೆದ ಮೀನು’ ಎಂದೇ ಬರೆಯಿರಿ.